ಒಂಬತ್ತನೇ ಪುಸ್ತಕ ಮುಗಿಯಿತೇ?

ಏಪ್ರಿಲ್ 1, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಗಾಳಿಗೆ ಕರೆಂಟು ಹೋಯಿತು, ಹನ್ನೊಂದಕ್ಕೆ ಬಂತು. ದೀಪ ಬಂತು, ಕೆಟಲ್ ಬಂತು, ನಿರ್ದೇಶಕರ ಕೋಣೆಯ ಟೀವಿ ಬಂತು. ಸರ್ವರ್ ಮಾತ್ರ ಬರಲಿಲ್ಲ. ಪೆಟ್ಟಿಗೆಯೇನೋ ಗುಂಯ್ ಎನ್ನುತ್ತಿದೆ, ಹಸಿರು ದೀಪವೂ ಮಿಣುಕುತ್ತಿದೆ. ಒಳಗೆ ನಮ್ಮ ಕಣಿವೆಯ ನಲವತ್ತೊಂದು ಸಾವಿರ ಹೆಸರುಗಳ ವಂಶಾವಳಿ ಹೊತ್ತು ಕೂತಿರುವ ಡೇಟಾಬೇಸ್ ಶುರುವಾಗುತ್ತಿಲ್ಲ. ‘ಆರಂಭಿಸಲು ಆಗಲಿಲ್ಲ’ ಎಂದು ಪರದೆಯ ಮೇಲೆ ಒಂದು ಸಾಲು ಬರೆದು ತೆಪ್ಪಗಾಗುತ್ತದೆ.

ಈ ಪತ್ರಾಗಾರದಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಅದಕ್ಕೆ ಮೊದಲು ಶಾಲೆಯಲ್ಲಿ ಗಣಿತದ ಟೀಚರ್. ಹಾಗಾಗಿ ತಜ್ಞರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಆರಿಸಿ ಹಾಕಿದೆ. ಮತ್ತೆ ಆರಿಸಿ ಹಾಕಿದೆ. ಮೂರನೇ ಸಲ ಅದಕ್ಕೆ ಅರ್ಥವಾಗಲಿ ಎಂದು ಗುಂಡಿಯನ್ನು ಸ್ವಲ್ಪ ಜೋರಾಗಿ ಒತ್ತಿದೆ.

ನಿರ್ದೇಶಕ ಕಲಿಬೆಕ್ ಬಾಗಿಲಲ್ಲಿ ತಲೆ ಹಾಕಿದರು. “ಜಿಪಾರಕ್ಕ, ಇವತ್ತು ಒಂದನೇ ತಾರೀಕು ಅಂತ ಏಮಾರಿಸ್ತಿದೀರಾ?”

“ನಕಲು ಇದೆ, ಹೆದರಬೇಡಿ” ಎಂದೆ, ಮಹಾರಾಣಿಯ ಹಾಗೆ.

ಏಪ್ರಿಲ್ 2, ಮಂಗಳವಾರ

ನಕಲು ಇಲ್ಲ.

ದಿನಾ ಸಂಜೆ ಯಂತ್ರ ತನ್ನಷ್ಟಕ್ಕೆ ಇಡೀ ವಂಶಾವಳಿಯ ನಕಲು ತೆಗೆಯುತ್ತದೆ. ‘ನಕಲು ಮುಗಿಯಿತು’ ಎಂದು ಬರುತ್ತದೆ, ನಾನು ರಿಜಿಸ್ಟರಿನಲ್ಲಿ ಸಹಿ ಹಾಕಿ ಮನೆಗೆ ಹೋಗುತ್ತೇನೆ. ಅರವತ್ತು ದಿನಕ್ಕಿಂತ ಹಳೆಯದನ್ನು ಅಳಿಸು ಎಂದು ಅದಕ್ಕೆ ಹೇಳಿಕೊಟ್ಟವಳೂ ನಾನೇ. ಇಂದು ಅರವತ್ತನ್ನೂ ತೆರೆದು ನೋಡಿದೆ. ಅರವತ್ತೂ ಖಾಲಿ ಡಬ್ಬಿ. ಯಂತ್ರ ಪ್ರತಿ ಸಂಜೆ ಶ್ರದ್ಧೆಯಿಂದ ಏನೂ ಇಲ್ಲದ್ದನ್ನು ಕಟ್ಟಿಟ್ಟಿದೆ, ನಾನು ಅದಕ್ಕಿಂತ ಶ್ರದ್ಧೆಯಿಂದ ಸಹಿ ಮಾಡಿದ್ದೇನೆ. ಸಹಿಗಳು ಬಹಳ ಚೆನ್ನಾಗಿವೆ.

ಮಧ್ಯಾಹ್ನ ಬೆಗಾಯಿಮ್ ಬಂದಳು. ಒರೋಜ್ ಚಿಕ್ಕಪ್ಪನ ಕೊನೇ ಮಗಳು, ಇಪ್ಪತ್ನಾಲ್ಕು ವರ್ಷ, ಪ್ರಾಥಮಿಕ ಶಾಲೆಯ ಟೀಚರ್.

“ಅಕ್ಕ, ಹದಿಮೂರನೇ ತಾರೀಕು ಅರ್ಗೆನ್ ಕಡೆಯವರು ನನಗೆ ನಿಶ್ಚಿತಾರ್ಥದ ಕಿವಿಯೋಲೆ ಹಾಕೋಕೆ ಬರ್ತೀವಿ ಅಂತಿದಾರೆ. ಅಪ್ಪ ಬೇಡ ಅಂತಿದಾರೆ.”

“ಯಾವ ಅರ್ಗೆನ್?”

ಕೇಳಬಾರದಿತ್ತು. ಇಶೆನ್‌ನ ಚಿಕ್ಕಪ್ಪನ ಮಗ ಅರ್ಗೆನ್. ಹುಡುಗನಿಗೆ ಒಂಬತ್ತಾಗಿದ್ದಾಗ ಅವನಪ್ಪ ತೀರಿಕೊಂಡ, ಆಮೇಲೆ ಸಾಕಿದವನು ಇಶೆನ್.

ಇನ್ನು ಬರೆಯದೆ ವಿಧಿಯಿಲ್ಲ. 1990ರಲ್ಲಿ ಇದೇ ಎರಡು ಮನೆಯಿಂದ ಇಶೆನ್ ಮತ್ತು ನಾನು. ಅಪ್ಪ ಕಣಿವೆಯಲ್ಲೆಲ್ಲ ಕುದುರೆಯ ಮೇಲೆ ತಿರುಗಿ ವಂಶಾವಳಿ ಬರೆಯುತ್ತಿದ್ದವನು, ಅವನ ಎಣಿಕೆಗೆ ಎದುರಿಲ್ಲ. ಹೆತ್ತಪ್ಪನಿಂದ ಶುರುಮಾಡಿ ಮೇಲಕ್ಕೆ ಏಳು ಜನರೊಳಗೆ ಇಬ್ಬರಿಗೂ ಒಬ್ಬನೇ ತಾತ ಸಿಕ್ಕಿದರೆ ಅಣ್ಣ ತಂಗಿಯ ಲೆಕ್ಕ. ಎರಡೂ ಕಡೆಯಿಂದ ಎಂಟನೆಯವನಾದರೆ ಅಡ್ಡಿಯಿಲ್ಲ. ಅಪ್ಪ ಬೆರಳು ಮಡಚಿ ಎಣಿಸಿದ. ಇಶೆನ್ ಕಡೆಯಿಂದ ಎಂಟನೆಯವನು ಜಾನಿಬೆಕ್. ನಮ್ಮ ಕಡೆಯಿಂದ ಏಳನೆಯವನೂ ಜಾನಿಬೆಕ್. ಒಬ್ಬನೇ ಒಬ್ಬ ತಾತನ ಕೊರತೆ. ಇಶೆನ್ ಮೂರು ವರ್ಷ ಬಿಟ್ಟು ಮದುವೆಯಾದ. ನಾನು ಗಣಿತ ಕಲಿಸಿದೆ.

ಈಗ ಅದೇ ಎರಡು ಮನೆ, ಅದೇ ತಲೆಮಾರು, ಅದೇ ಎಣಿಕೆ.

“ನಮ್ಮದೇ ಲೆಕ್ಕ ಕಣೇ ನಿಮ್ಮದೂ. ಏಳಕ್ಕೇ ಬರುತ್ತೆ” ಎಂದೆ.

“ದೊಡ್ಡಪ್ಪ ಬಾಯಲ್ಲಿ ಎಣಿಸಿದ್ದು. ನನಗೆ ಬರೆದದ್ದು ಬೇಕು. ಅಪ್ಪನೂ ಒಪ್ಪಿದಾರೆ. ಹನ್ನೆರಡನೇ ತಾರೀಕು ಶುಕ್ರವಾರ ಮಧ್ಯಾಹ್ನದೊಳಗೆ ಪತ್ರಾಗಾರದ ಮೊಹರು ಹಾಕಿದ ಕಾಗದ ತಂದು ತೋರಿಸು, ಇಲ್ಲದಿದ್ರೆ ಅವರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ, ನೀನು ಮಂಗಳವಾರ ಮಾಸ್ಕೋಗೆ ಅಣ್ಣನ ಹತ್ರ ಕೆಲಸಕ್ಕೆ ಹೊರಡು ಅಂತ. ಟಿಕೆಟ್ ತೆಗೆಸಿಟ್ಟಿದಾರೆ.”

“ಸರ್ವರ್ ಕೆಟ್ಟಿದೆಯಲ್ಲೇ!”

ಅವಳ ಮುಖ ಇಷ್ಟಾಯಿತು. ಸುಳ್ಳು ಬರೆಯಬಾರದು: ನನಗೆ ಒಂದು ಕ್ಷಣ ಹಾಯೆನಿಸಿತು. ನಾವು ನುಂಗಿಕೊಳ್ಳಲಿಲ್ಲವೇ, ಇವರೂ ನುಂಗಿಕೊಳ್ಳಲಿ.

ಏಪ್ರಿಲ್ 4, ಗುರುವಾರ

ನಿನ್ನೆ ಸರ್ವರ್ ಮುಟ್ಟಲಿಲ್ಲ. ತಲೆನೋವು ಎಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ.

ಇಂದು ಹೊರಗೆ ಜೀಪಿನ ಸದ್ದು ಕೇಳಿತು. ಈ ಊರಿನಲ್ಲಿ ಹಾಗೆ ಕೆಮ್ಮುವ ಜೀಪು ಒಂದೇ. ಸಕ್ಕರೆ ಡಬ್ಬಿಯನ್ನು ಎತ್ತಿ ಕಡತಗಳ ಡ್ರಾಯರಿಗೆ ಹಾಕಿದೆ. ಇಶೆನ್ ಒಂದು ಬಟ್ಟಲು ಚಹಾಕ್ಕೆ ಮೂರು ತುಂಡು ಸಕ್ಕರೆ ಹಾಕುತ್ತಾನೆ, ಕಚೇರಿಯ ಸಕ್ಕರೆ ಅವನಪ್ಪನ ಮನೆಯದಲ್ಲ.

ಪಶುವೈದ್ಯ. ಐವತ್ತೈದು ವರ್ಷ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಕುರಿಗಳು ಈಯುವ ಕಾಲವಾದ್ದರಿಂದ ಮೈಯೆಲ್ಲ ಹಟ್ಟಿಯ ವಾಸನೆ.

“ನಿನ್ನ ಸರ್ವರ್‌ಗೆ ಏನಂತೆ? ಮೇವು ಬಿಟ್ಟಿದೆಯಾ?”

“ಇದು ಹಸು ಅಲ್ಲ.”

“ಹಸು ಆಗಿದ್ರೆ ಇಷ್ಟೊತ್ತಿಗೆ ಎಬ್ಬಿಸಿರ್ತಿದ್ದೆ.”

ಬುರುಲಕ್ಕ ಚಹಾ ತಂದಿಟ್ಟಳು. ನಮ್ಮ ಕಚೇರಿಯ ಹಳೇ ಗುಮಾಸ್ತೆ, ಅರವತ್ತಮೂರು ವರ್ಷ, ಬಾಯಿಗೆ ಬಿಡುವಿಲ್ಲ. “ಸಕ್ಕರೆ ಎಲ್ಲಿಗೆ ಹೋಯ್ತೇ ಜಿಪಾರ್? ಈಗ ಇಲ್ಲೇ ಇತ್ತು.”

“ಮುಗಿದಿದೆ.”

ಇಶೆನ್ ಸಪ್ಪೆ ಚಹಾ ಕುಡಿದ. ಮುಖ ಹುಳಿ ಮಾಡಿಕೊಂಡ. ಅವನ ಎದುರಿಗೆ ಸುಮ್ಮನೆ ಕೂರಲಾಗದೆ ಕೆಲಸಕ್ಕೆ ಕೈ ಹಾಕಿದೆ. ಸರ್ವರ್ ತನ್ನ ಗೋಳನ್ನೆಲ್ಲ ಬರೆದಿಡುವ ಕಡತವೊಂದಿದೆ, ಅದನ್ನು ತೆರೆದೆ. ಮೊದಲ ಸಾಲಿನಲ್ಲೇ ಕಾರಣವಿತ್ತು. ಡೇಟಾಬೇಸ್ ಶುರುವಾಗುವಾಗ ‘ನಾನು ಒಳಗಿದ್ದೇನೆ’ ಎಂದು ಬಾಗಿಲಿಗೊಂದು ಚೀಟಿ ಅಂಟಿಸಿಕೊಳ್ಳುತ್ತದೆ, ಮುಗಿಸುವಾಗ ಕಿತ್ತು ಹಾಕುತ್ತದೆ. ಕರೆಂಟು ಹೋದ ದಿನ ಕೀಳಲು ಪುರುಸೊತ್ತಾಗಿಲ್ಲ. ಈಗ ತಾನೇ ಅಂಟಿಸಿದ ಚೀಟಿಯನ್ನು ಓದಿ, ಒಳಗೆ ಯಾರೋ ಇದ್ದಾರೆಂದು ಪ್ರತಿ ಸಲ ಹಿಂದಿರುಗುತ್ತಿದೆ.

ಇದನ್ನು ವಿವರಿಸಿದಾಗ ಇಶೆನ್ ಹೇಳಿದ, “ಅಂದ್ರೆ ಸತ್ತೋನು ಬರೆದಿಟ್ಟ ಚೀಟಿಗೆ ಬದುಕಿರೋನು ಹೆದರ್ತಿದಾನೆ ಅನ್ನು.”

ಚೀಟಿ ಕಿತ್ತು ಹಾಕಿದೆ. ಶುರು ಮಾಡಿದೆ. ಆಗಲಿಲ್ಲ. ಈ ಸಲ ಬೇರೆ ಏನೋ ಬರೆದಿದೆ, ನಾಳೆ ಓದಿದರಾಯಿತು.

ಏಪ್ರಿಲ್ 5, ಶುಕ್ರವಾರ

ಜಾಗವಿಲ್ಲವಂತೆ. ಹೊಸ ಚೀಟಿ ಬರೆಯಲು ಕೂಡ ಡಿಸ್ಕಿನಲ್ಲಿ ಜಾಗವಿಲ್ಲವಂತೆ! ನಕಲುಗಳೆಲ್ಲ ಖಾಲಿಯಾದದ್ದೂ ಇದಕ್ಕೇ. ಐವತ್ತು ಹಳ್ಳಿಗಳ ಸತ್ತವರು ಬದುಕಿದವರೆಲ್ಲ ಸೇರಿ ಒಂದು ಮೂಲೆಯಷ್ಟು ಜಾಗ ತಿಂದಿದ್ದಾರೆ. ಉಳಿದದ್ದು ಯಾರದ್ದು ಎಂದು ಹುಡುಕಿದೆ. ‘ಕಚೇರಿ ದಾಖಲೆ’ ಎಂಬ ಹೆಸರಿನ ಒಂದು ಗೂಡಿನಲ್ಲಿ ಆರುನೂರ ಹನ್ನೆರಡು ವಿಡಿಯೋಗಳು. ಎಲ್ಲವೂ ಕೋಕ್-ಬೋರು. ಕುದುರೆ ಸವಾರರು ಮೇಕೆಯ ಮುಂಡಕ್ಕಾಗಿ ಕಿತ್ತಾಡುವುದು, ದೂಳು, ಮತ್ತೆ ಕಿತ್ತಾಟ. ನಿರ್ದೇಶಕರ ಪ್ರಾಣ.

ಏಪ್ರಿಲ್ 8, ಸೋಮವಾರ

“ಎಲ್ಲಾನೂ ಅಳಿಸ್ಬೇಕಾ?” ಎಂದು ಕಲಿಬೆಕ್ ಕೇಳಿದ ದನಿಗೆ ನನ್ನ ಕಣ್ಣೇ ಒದ್ದೆಯಾಗಬೇಕಿತ್ತು.

“ಮುನ್ನೂರು ಹೋದ್ರೆ ಸಾಕು.”

“ಅಕ್ಕ, ಇದು ನೋಡಿ, ಜುಮ್ಗಾಲ್ ತಂಡದವರ ಮೇಲೆ ಗೆದ್ದದ್ದು. ಇದನ್ನ ಹೇಗೆ ಅಳಿಸ್ತೀರಿ?”

“ಇದರಲ್ಲಿ ಬರೀ ದೂಳು ಕಾಣ್ತಿದೆಯಲ್ಲ.”

“ಆ ದೂಳಲ್ಲೇ ನಮ್ಮ ತಮ್ಮ ಇದಾನೆ!”

ಹೀಗೆ ಒಂದೊಂದಕ್ಕೂ ಚೌಕಾಸಿ. ಸಂಜೆಯ ಹೊತ್ತಿಗೆ ನಲವತ್ತಕ್ಕೆ ಒಪ್ಪಿಸಿದೆ. ಕೊನೆಗೆ ಬುರುಲಕ್ಕ ಕೋಣೆಗೆ ನುಗ್ಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನಪ್ಪಾ, ಆ ಹುಡುಗಿ ಮಾಸ್ಕೋಗೆ ಹೋಗಿ ಅಂಗಡಿ ನೆಲ ಒರೆಸ್ಲಿ, ನೀನು ಮೇಕೆ ನೋಡ್ಕೊಂಡಿರು.” ಕಲಿಬೆಕ್ ಮುನ್ನೂರು ಕೊಟ್ಟರು. ಕಣ್ಣು ಮುಚ್ಚಿಕೊಂಡು ಕೊಟ್ಟರು.

ಬುರುಲಕ್ಕನಿಗೆ ಇಂದು ಬೇರೆ ತಲೆಬಿಸಿ. ಅವಳ ಮೊದಲ ಮೊಮ್ಮಗನನ್ನು ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ ಅವಳೇ ಇಟ್ಟುಕೊಂಡು ಮಗನೆಂದು ಸಾಕುತ್ತಿದ್ದಾಳೆ. ಅವನು ಅಜ್ಜಿಯನ್ನು ಅಮ್ಮ ಅನ್ನುತ್ತಾನೆ, ಹೆತ್ತ ತಾಯಿಯನ್ನು ಅತ್ತಿಗೆ ಅನ್ನುತ್ತಾನೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಎಂದಿರುವಲ್ಲಿ ತಾತನ ಹೆಸರು ಬರೆದಿದ್ದಾನಂತೆ. ಹೊಸ ಟೀಚರ್ ಫೋನು ಮಾಡಿ ಕೇಳಿದ್ದಕ್ಕೆ ಬುರುಲಕ್ಕ ರೇಗಿದಳು, “ಅವನು ಬರೆದದ್ರಲ್ಲಿ ತಪ್ಪೇನಿದೆ?” ನಾನೂ ನಕ್ಕೆ.

ಇಶೆನ್ ಬಂದಿದ್ದ. ಸಕ್ಕರೆ ಡಬ್ಬಿ ಹೊರಗೇ ಇತ್ತು, ಒಳಗಿಡಲು ಮರೆತಿದ್ದೆ.

ಏಪ್ರಿಲ್ 9, ಮಂಗಳವಾರ

ಅಳಿಸಲು ಹೋದರೆ ಅಳಿಸಲು ಬಿಡುತ್ತಿಲ್ಲ. ವಿಡಿಯೋಗಳೆಲ್ಲ ನಿರ್ದೇಶಕರ ಹೆಸರಿನಲ್ಲಿವೆ, ನಿನಗೆ ಅಧಿಕಾರವಿಲ್ಲ ಎನ್ನುತ್ತದೆ. ಎರಡು ಗಂಟೆ ಗುದ್ದಾಡಿದೆ. ಆಮೇಲೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಯಾರು ಹೊರಗಿನವರು, ಯಾರಿಗೆ ಬೀಗ? ನಮ್ಮ ಮನೆಗಳಲ್ಲಿ ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲ, ಬಂದವರು ಸೀದಾ ಒಳಗೆ ಬಂದು ರೊಟ್ಟಿ ಮುರಿಯುತ್ತಾರೆ. ಸರ್ವರ್‌ನಲ್ಲೂ ಹಾಗೇ ಆಗಲಿ ಎಂದು, ಮೇಲಿನಿಂದ ಕೆಳಗಿನ ತನಕ ಎಲ್ಲ ಗೂಡಿನ ಎಲ್ಲ ಬಾಗಿಲನ್ನೂ ಎಲ್ಲರಿಗೂ ತೆರೆದುಬಿಟ್ಟೆ. ಒಂದೇ ಆಜ್ಞೆ. ಏನು ಹಗುರವಾಯಿತು ಎದೆ!

ಮುನ್ನೂರು ಮೇಕೆಗಳೂ ಹೋದವು. ಬೇಕಾದಷ್ಟು ಜಾಗವಾಯಿತು. ಶುರು ಮಾಡಿದೆ.

ಆಗಲಿಲ್ಲ.

ಏಪ್ರಿಲ್ 10, ಬುಧವಾರ

ಬುರುಲಕ್ಕ ಬಾಣಲೆಯಲ್ಲಿ ಜುನಿಪರ್ ಸೊಪ್ಪು ಸುಟ್ಟು ತಂದು ಸರ್ವರ್‌ಗೆ ಮೂರು ಸುತ್ತು ಹೊಗೆ ಹಾಕಿದಳು. “ದೃಷ್ಟಿ ತಾಗಿದೆ ಕಣೇ. ನಲವತ್ತೊಂದು ಸಾವಿರ ಜನ ಒಂದೇ ಪೆಟ್ಟಿಗೇಲಿದ್ರೆ ತಾಗ್ದೆ ಇರುತ್ತಾ?” ಸರ್ವರ್‌ಗೆ ಏನೂ ಆಗಲಿಲ್ಲ, ನಾನು ಅರ್ಧ ಗಂಟೆ ಕೆಮ್ಮಿದೆ. ಬೇಡ ಎನ್ನಬಹುದಿತ್ತು. ಮೂರು ಸುತ್ತು ಸಾಕಾ ಎಂದು ಕೇಳಿದೆ.

“ಬುರುಲಕ್ಕ, ಒಂಬತ್ತನೇ ಪುಸ್ತಕ ಯಂತ್ರಕ್ಕೆ ಏರಿಸಿದ್ದು ನೀನಲ್ವಾ? ನಮ್ಮ ಮನೆತನದ್ದು ಏನಾದ್ರೂ ನೆನಪಿದೆಯಾ?”

“ನಾನು ಹೊಡೀತೀನಿ, ಓದಲ್ಲ. ಓದೋಕೆ ಹೋದ್ರೆ ಬೆರಳು ತಪ್ಪುತ್ತೆ.”

ಅಪ್ಪನದ್ದು ಒಟ್ಟು ಹದಿನಾಲ್ಕು ಪುಸ್ತಕ. 2008ರಲ್ಲಿ ಹದಿಮೂರನ್ನು ನಾನೇ ಏರಿಸಿದೆ. ನಮ್ಮ ಮನೆತನ, ಇಶೆನ್ ಮನೆತನ ಇದ್ದದ್ದು ಒಂಬತ್ತನೆಯದರಲ್ಲಿ. ಅದೊಂದನ್ನು ಕಣ್ಣುನೋವು ಎಂದು ಬುರುಲಕ್ಕನ ಮೇಜಿಗೆ ತಳ್ಳಿದ್ದೆ. ಅಪ್ಪ ಕೇಳುತ್ತಲೇ ಇದ್ದ, “ಒಂಬತ್ತನೇ ಪುಸ್ತಕ ಮುಗೀತಾ?” “ಮುಗೀತಪ್ಪ” ಎನ್ನುತ್ತಿದ್ದೆ. ಮುಗಿದಿದ್ದು ನಿಜವೇ. ಹನ್ನೊಂದು ವರ್ಷದಲ್ಲಿ ಕಣಿವೆಯವರಿಗೆಲ್ಲ ಅವರವರ ತಾತಂದಿರನ್ನು ತೆಗೆದುಕೊಟ್ಟಿದ್ದೇನೆ, ನಮ್ಮ ಕೊಂಬೆಯನ್ನು ಮಾತ್ರ ಒಂದು ಸಲವೂ ತೆರೆದಿಲ್ಲ. ಪುಸ್ತಕ ನೋಡೋಣವೆಂದರೆ ಅದೂ ಇಲ್ಲ. ಎರಡು ವರ್ಷದ ಕೆಳಗೆ ವಸಂತದಲ್ಲಿ ಬೆಟ್ಟದ ಕೆಸರುನೀರು ನೆಲಮಾಳಿಗೆಗೆ ನುಗ್ಗಿದಾಗ ಐದು ಪುಸ್ತಕ ಗಂಜಿಯಾದವು, ಒಂಬತ್ತನೆಯದೂ ಸೇರಿ. ಯಂತ್ರದಲ್ಲಿದೆಯಲ್ಲ, ಬಿಡಿ ಎಂದವಳು ನಾನೇ.

ಶಾಲೆ ಬಿಟ್ಟ ಮೇಲೆ ಬೆಗಾಯಿಮ್ ಬಂದು ಪಕ್ಕದಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

“ಅಕ್ಕ, ಆವಾಗ ನೀನು ಕೇಳಿದ್ಯಾ, ಬರೆದು ತೋರಿಸಿ ಅಂತ?”

“ಇಲ್ಲ.”

“ಯಾಕೆ?”

ಹೆಜ್ಜೆ ಹೆಜ್ಜೆ ಬರೆದು ತೋರಿಸದಿದ್ದರೆ ಅಂಕ ಇಲ್ಲ ಎಂದು ಹದಿನೇಳು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. ನನ್ನ ಸ್ವಂತ ಲೆಕ್ಕವನ್ನು ಇನ್ನೊಬ್ಬರ ಬೆರಳ ಮೇಲೆ ನೋಡಿ ಪುಸ್ತಕ ಮುಚ್ಚಿದೆ.

ಏಪ್ರಿಲ್ 11, ಗುರುವಾರ

ಬೆಳಿಗ್ಗೆ ಏಳಕ್ಕೇ ಕಚೇರಿಗೆ ಹೋದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಕಾವಲುಗಾರ ನನ್ನನ್ನು ಕಳ್ಳಿ ಎಂದುಕೊಂಡ.

ಹನ್ನೊಂದರ ತನಕ ಗೊತ್ತಿದ್ದದ್ದೆಲ್ಲ ಮಾಡಿದೆ, ಗೊತ್ತಿಲ್ಲದ್ದನ್ನೂ ಮಾಡಿದೆ. ಆ ಹೊತ್ತಿಗೆ ಒರೋಜ್ ಚಿಕ್ಕಪ್ಪನ ಫೋನು. “ಜಿಪಾರ್, ನನಗೂ ಖುಷಿಯಿಲ್ಲ ಕಣಮ್ಮ. ನಾಳೆ ಮಧ್ಯಾಹ್ನ ನಮಾಜು ಮುಗಿಸಿ ಬರೋ ತನಕ ಕಾಯ್ತೀನಿ. ಆಮೇಲೆ ಅವರಿಗೆ ಹೇಳಿ ಕಳಿಸ್ಬೇಕಾಗುತ್ತೆ, ಕುರಿಗಿರಿ ತರ್ತಾರೆ, ಅವಮಾನ ಆಗ್ಬಾರ್ದು.”

ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟೆ. ಹಾಗೇ ಇದ್ದಾಗ ಇಶೆನ್ ಬಂದದ್ದು ಗೊತ್ತಾಗಲಿಲ್ಲ. ಜೀಪಿನ ಸದ್ದೂ ಕೇಳಿರಲಿಲ್ಲ. ತಾನೇ ಕೆಟಲ್ ಇಟ್ಟ, ತಾನೇ ನನ್ನ ಮುಂದೆ ಬಟ್ಟಲಿಟ್ಟ.

“ಏನಂತೆ ಅದಕ್ಕೆ? ಅದು ಏನು ಹೇಳ್ತಿದೆ?”

“ಆರಂಭಿಸಲು ಆಗಲಿಲ್ಲ ಅಂತ.”

“ಅಷ್ಟೇನಾ?”

“ಅಷ್ಟೇ. ಆಮೇಲೆ ಹದಿನಾಲ್ಕು ಪುಟ ಏನೇನೋ ಬರ್ದಿದೆ.”

“ಓದಿದ್ಯಾ?”

“ಮೊದಲ ಪುಟ ಓದಿದೀನಿ.”

ಅವನು ಬಟ್ಟಲು ಕೆಳಗಿಟ್ಟ. “ಅಲ್ವೇ, ಈಯೋಕಾಗದೆ ಒದ್ದಾಡ್ತಿರೋ ಕುರೀನ ಮ್ಯಾ ಅಂತ ಕೂಗ್ತಿದೆ ಅಂತ ಮೂತಿ ಹಿಡ್ಕೊಂಡು ಕೂತ್ರೆ ಆಗುತ್ತಾ? ಬಾಲ ಎತ್ತಿ ನೋಡ್ಬೇಕು. ಸಮಾಚಾರ ಎಲ್ಲ ಆ ಕಡೆ ಇರೋದು.”

ಬೈಯಬೇಕೆಂದುಕೊಂಡೆ. ಬೈಯದೆ ಹದಿನಾಲ್ಕನೇ ಪುಟ ತೆಗೆದೆ. ಕೊನೆಯ ಸಾಲು. ಇಷ್ಟು ಸರಳವಾಗಿ ಮನುಷ್ಯರು ಕೂಡ ಬರೆಯುವುದಿಲ್ಲ: ‘ಹೆಸರುಗಳಿರುವ ಗೂಡು ಎಲ್ಲರಿಗೂ ತೆರೆದಿದೆ. ಇದು ನನ್ನೊಬ್ಬನಿಗೆ ಮಾತ್ರ ತೆರೆದಿರಬೇಕು. ಸರಿಪಡಿಸುವ ತನಕ ಆರಂಭಿಸುವುದಿಲ್ಲ.’

ಮಂಗಳವಾರ ಎದೆ ಹಗುರ ಮಾಡಿಕೊಂಡು ಬಾಗಿಲು ತೆರೆದೆನಲ್ಲ, ಅದು. ಗಾಳಿಯಲ್ಲ, ಕರೆಂಟಲ್ಲ, ಮೇಕೆಯಲ್ಲ, ದೃಷ್ಟಿಯೂ ಅಲ್ಲ. ಎರಡು ದಿನದಿಂದ ಅದು ನನ್ನ ಹೆಸರು ಹಿಡಿದು ಕೂಗುವುದೊಂದು ಬಾಕಿ.

ಆ ಗೂಡೊಂದನ್ನು ಮುಚ್ಚಿದೆ. ಶುರು ಮಾಡಿದೆ. ಶುರುವಾಯಿತು. ಮೂರು ಸೆಕೆಂಡು ಕೂಡ ಹಿಡಿಯಲಿಲ್ಲ.

ಬುರುಲಕ್ಕ ಹೊಗೆಯ ಮಹಿಮೆ ಎಂದಳು. ಕಲಿಬೆಕ್, “ಹಾಗಾದ್ರೆ ನನ್ನ ವಿಡಿಯೋ ವಾಪಸು ಬರ್ತವಾ?” ಎಂದರು. ಇಶೆನ್ ನನ್ನನ್ನೇ ನೋಡುತ್ತಿದ್ದ. ನಾನು ಬೆಗಾಯಿಮ್ ಹೆಸರು ಹೊಡೆಯಬೇಕಿತ್ತು. ಕೈ ಬರಲಿಲ್ಲ. ಕೆಟ್ಟಿದ್ದಾಗ ಏಳೂ ಇರಲಿಲ್ಲ, ಎಂಟೂ ಇರಲಿಲ್ಲ. ಈಗ ಒಂದು ಗುಂಡಿ ಒತ್ತಿದರೆ ಏಳು ಬರುತ್ತದೆ, ಆ ಏಳನ್ನು ನಾನೇ ಮೊಹರು ಹಾಕಿ ಕೊಡಬೇಕು. ಮೊದಲು ನಕಲು ತೆಗೆಯಬೇಕು ಎಂದೆ. ನಕಲು ತೆಗೆದೆ, ತೆರೆದು ನೋಡಿದೆ, ಎಲ್ಲ ಇತ್ತು. ಸಹಿ ಹಾಕಿ ಮನೆಗೆ ಬಂದೆ.

ಏಪ್ರಿಲ್ 12, ಶುಕ್ರವಾರ

ಒಂಬತ್ತು ಗಂಟೆಗೆ ಬಾಗಿಲು ಹಾಕಿಕೊಂಡು ಬೆಗಾಯಿಮ್ ಹೆಸರು ಹೊಡೆದೆ. ಮೇಲಕ್ಕೆ ಹೋದೆ. ಒರೋಜ್ ಒಂದು, ನಮ್ಮ ತಾತ ಎರಡು. ಮೂರು, ನಾಲ್ಕು. ಐದನೆಯವನು ಬೋರುಬೈ. ಆರನೆಯವನು ಕರಾಚ್, ಏಳು ಜಾನಿಬೆಕ್. ಇದು ಚಿಕ್ಕಂದಿನಿಂದ ಬಾಯಿಪಾಠ.

ಪರದೆಯ ಮೇಲೆ ಆರನೆಯವನು ತೊಲೊಶ್ ಎಂದಿತ್ತು.

ನಾನು ತೊಲೊಶ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಬುರುಲಕ್ಕ ಬೆರಳು ತಪ್ಪಿಸಿರಬೇಕು ಎಂದುಕೊಂಡೆ. ಏಳನೆಯವನು ಕರಾಚ್. ಎಂಟನೆಯವನು ಜಾನಿಬೆಕ್. ಮತ್ತೆ ಕೆಳಗಿನಿಂದ ಎಣಿಸಿದೆ. ಬೆರಳು ಮಡಚಿ ಎಣಿಸಿದೆ. ಕಾಗದದ ಮೇಲೆ ಬರೆದು, ಹೆಜ್ಜೆ ಹೆಜ್ಜೆ ಎಣಿಸಿದೆ. ಎಂಟು.

ತೊಲೊಶ್ ಹೆಸರಿನ ಪಕ್ಕ ಟಿಪ್ಪಣಿಯ ಗುರುತಿತ್ತು. ಒತ್ತಿದೆ. ಬುರುಲಕ್ಕ ಓದದೆ ಅಕ್ಷರಕ್ಕಕ್ಷರ ಏರಿಸಿದ್ದ ಅಪ್ಪನ ಬರಹ:

‘ಆಗಸ್ಟ್ 1998. ಬೇಸಿಗೆಯ ಹುಲ್ಲುಗಾವಲಿನಲ್ಲಿ ತೊಂಬತ್ತೊಂದು ವರ್ಷದ ಕಲೀಚ ಅಜ್ಜಿ ಹೇಳಿದ್ದು. ಬೋರುಬೈ ಕರಾಚನ ಮಗನಲ್ಲ, ಮೊದಲ ಮೊಮ್ಮಗ. ಕರಾಚ್ ತನ್ನ ಬಳಿ ಇಟ್ಟುಕೊಂಡು ಮಗನೆಂದು ಸಾಕಿದ. ಹೆತ್ತ ತಂದೆ ತೊಲೊಶ್. ಬೋರುಬೈ ಅವನನ್ನು ಸಾಯುವ ತನಕ ಅಣ್ಣ ಎಂದೇ ಕರೆದ. ಇನ್ನಿಬ್ಬರು ಹಿರಿಯರನ್ನು ಕೇಳಿ ಖಚಿತ ಮಾಡಿಕೊಂಡೆ. ತೊಲೊಶ್‌ನನ್ನು ನಡುವೆ ಸೇರಿಸಿದ್ದೇನೆ. ಜಾನಿಬೆಕ್ ನನ್ನ ಮಕ್ಕಳಿಗೆ ಎಂಟನೆಯವನು. 1990ರಲ್ಲಿ ನಾನು ಎಣಿಸಿದ್ದು ತಪ್ಪು. ಇಶೆನ್‌ಗೆ ಈಗ ಹೆಂಡತಿ, ಎರಡು ಮಕ್ಕಳು. ಈ ಮಾತನ್ನು ಜಿಪಾರ್‌ಗೆ ಬಾಯಲ್ಲಿ ಹೇಳಲು ನನ್ನಿಂದಾಗದು. ಪುಸ್ತಕಗಳೆಲ್ಲ ಒಂದು ದಿನ ಅವಳ ಕೈಗೇ ಹೋಗುತ್ತವೆ. ಓದಲಿ. ಓದಿ ಬೈಯಲಿ.’

ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ.

ಒಂಬತ್ತನೇ ಪುಸ್ತಕ ಮುಗೀತಾ ಎಂದು ಅಪ್ಪ ಕೇಳುತ್ತಿದ್ದದ್ದು ಇದನ್ನು. 2008ರಿಂದ ಸಾಯುವ ತನಕ, ಮೂರು ವರ್ಷ. ನಾನು ಪ್ರತಿ ಸಲ ಮುಗೀತಪ್ಪ ಎಂದೆ. ಚಹಾ ಸುರಿದುಕೊಟ್ಟೆ, ಕಾಲಿಗೆ ಉಣ್ಣೆಯ ಚೀಲ ಹಾಕಿದೆ, ಹವಾಮಾನದ ಮಾತಾಡಿದೆ. ಮಗಳು ಓದಿದ್ದಾಳೆ, ಓದಿಯೂ ಒಂದು ಮಾತಾಡುತ್ತಿಲ್ಲ, ಬೈಯಲೂ ಒಲ್ಲಳು ಎಂದುಕೊಂಡೇ ಅವನು ಹೋದ. ಆಸ್ಪತ್ರೆಯಲ್ಲಿ ಕೊನೆಯ ವಾರವೂ ಕೇಳಿದ್ದ. “ಆವಾಗ್ಲೇ ಮುಗೀತಲ್ಲಪ್ಪ, ಎಷ್ಟು ಸಲ ಕೇಳ್ತೀಯ?” ಎಂದು ನಾನು ಸ್ವಲ್ಪ ಗದರಿದ್ದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಔಷಧಿಯ ಮಂಪರು ಎಂದುಕೊಂಡಿದ್ದೆ.

ಅತ್ತೆ. ಕಚೇರಿಯ ಸಮಯದಲ್ಲಿ, ಸರ್ಕಾರಿ ಕುರ್ಚಿಯಲ್ಲಿ ಕೂತು, ಸೊರ ಸೊರ ಎಂದು ಅತ್ತೆ. ಬುರುಲಕ್ಕ ಬಾಗಿಲು ಬಡಿದಳು, ತೆರೆಯಲಿಲ್ಲ.

ಹನ್ನೊಂದಕ್ಕೆ ಮುಖ ತೊಳೆದು ಟಿಪ್ಪಣಿ ಸಮೇತ ಎರಡು ಪ್ರತಿ ಮುದ್ರಿಸಿದೆ. ಮೊಹರು ಹಾಕಿ ಒಂದನ್ನು ಚಿಕ್ಕಪ್ಪನ ಮನೆಗೆ ನಾನೇ ಒಯ್ದೆ. ಅವನು ಕನ್ನಡಕ ಹಾಕಿಕೊಂಡು ಬೆರಳು ಮಡಚುತ್ತ ಹೋದ. ತೊಲೊಶ್ ಬಂದ ಕೂಡಲೇ ನಿಂತ.

“ಅಯ್ಯೋ! ನಮ್ಮಜ್ಜ ಹೇಳ್ತಿದ್ದ ಕಣೇ, ಬೋರುಬೈ ಅವರಣ್ಣ ಸತ್ತಾಗ ಅಪ್ಪ ಸತ್ತಷ್ಟು ಅತ್ತ ಅಂತ. ನಾವು ನಗ್ತಿದ್ವಿ.”

ಮುಂದಿನದನ್ನು ಓದಿದ ಮೇಲೆ ಅವನು ತಲೆಯೆತ್ತಲಿಲ್ಲ. “ಜಿಪಾರ್...”

“ಏನೂ ಹೇಳ್ಬೇಡ ಚಿಕ್ಕಪ್ಪ. ನಾಳೆಗೆ ಕುರಿ ಕೊಯ್ಯೋಕೆ ಹೇಳು.”

ಬಾಗಿಲ ಹಿಂದೆ ನಿಂತಿದ್ದ ಬೆಗಾಯಿಮ್ ಬಂದು ತಬ್ಬಿಕೊಂಡಳು. ಎಲುಬು ಮುರಿಯುವ ಹಾಗೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನೋಡಿಕೊಂಡೆ. ಬಹಳ ಹುಡುಕಿದೆ, ಎಲ್ಲೂ ಇರಲಿಲ್ಲ.

ಇಶೆನ್ ಕಚೇರಿಯಲ್ಲಿ ಕಾಯುತ್ತಿದ್ದ. ಎರಡನೇ ಪ್ರತಿಯನ್ನು ಕೈಗಿತ್ತು, “ಕೊನೇ ಸಾಲಿನ ತನಕ ಓದು” ಎಂದೆ. ಓದಿದ. ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹೇಳಿದ:

“ಕೊನೆಕೊನೆಗೆ ನಿಮ್ಮಪ್ಪ ಸಂತೇಲಿ ಸಿಕ್ಕಿದಾಗೆಲ್ಲ ನನ್ನ ಕೈ ಹಿಡ್ಕೊಂಡ್ರೆ ಬಿಡ್ತಾನೇ ಇರ್ಲಿಲ್ಲ ಕಣೇ. ಮಾತೂ ಆಡ್ತಿರ್ಲಿಲ್ಲ. ವಯಸ್ಸಾಯ್ತು, ಪಾಪ, ಅಂದ್ಕೊಂಡಿದ್ದೆ.”

ಏಪ್ರಿಲ್ 13, ಶನಿವಾರ

ಕಿವಿಯೋಲೆ ಹಾಕಿದರು. ನಾನು ಹೋಗುವುದಿಲ್ಲ ಎಂದುಕೊಂಡಿದ್ದೆ, ನೀಲಿ ರೇಷ್ಮೆಯ ತಲೆವಸ್ತ್ರ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಹೋಗಿದ್ದೆ. ಅರ್ಗೆನ್‌ನ ತಾಯಿಯ ತಾಯಿಗೆ ಕೈ ನಡುಗಿ ಎಡಗಿವಿಯ ತೂತು ಸಿಗಲಿಲ್ಲ. ಬೆಗಾಯಿಮ್ ತಾನೇ ಓಲೆ ತೆಗೆದುಕೊಂಡು ಹಾಕಿಕೊಂಡಳು. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು, ನಾನು ಜೋರಾಗಿ ನಕ್ಕೆ.

ಸಂಜೆ ಜೀಪಿನಲ್ಲಿ ಮನೆಗೆ ಬಿಟ್ಟವನು ಇಶೆನ್. ದಾರಿಯುದ್ದಕ್ಕೂ ಬರೀ ಜೀಪಿನ ಕೆಮ್ಮು. ನಮ್ಮ ಗೇಟಿನ ಹತ್ತಿರ ಹೇಳಿದ, “ಇಪ್ಪತ್ತೊಂಬತ್ತು ವರ್ಷ, ಜಿಪಾರ್. ನೀನು ಗಣಿತದ ಟೀಚರ್ ಬೇರೆ.”

“ನೀನು ಬಾಲ ಎತ್ತಿ ನೋಡೋ ಡಾಕ್ಟರು ಬೇರೆ” ಎಂದೆ.

ಇಬ್ಬರೂ ನಕ್ಕೆವು. ಆಮೇಲೆ ನಗು ಸರಿಯಾಗಿ ಬರಲಿಲ್ಲ, ನಿಲ್ಲಿಸಿದೆವು.

“ಸೋಮವಾರ ಚಹಾಕ್ಕೆ ಬರ್ಲಾ?”

“ಸರ್ವರ್ ಸರಿಹೋಯ್ತಲ್ಲ, ಇನ್ನೇನು ಕೆಲಸ ನಿನಗೆ?”

“ಕೆಲಸ ಏನೂ ಇಲ್ಲ.”

ಬಾ ಎಂದೆ.

ನಾಳೆ ಬೆಳಿಗ್ಗೆ ಅಪ್ಪನ ಸಮಾಧಿಗೆ ಹೋಗಬೇಕು. ಒಂಬತ್ತನೇ ಪುಸ್ತಕ ಮುಗಿಯಿತು ಎಂದು ಹೇಳಬೇಕು, ಮತ್ತೆ ಚೆನ್ನಾಗಿ ಬೈಯಬೇಕು. ಬರುವಾಗ ಸಕ್ಕರೆ ತರಬೇಕು, ಡಬ್ಬಿಯಲ್ಲಿ ನಾಲ್ಕೇ ತುಂಡು ಉಳಿದಿವೆ.